ಉಂಗುರ ಕಳೆದ ಲೆನ್ಸು

ಕಳೆದ ವಿಜಯದಶಮಿಯಂದು ನಮ್ಮ ಸಂಘದ ಸಾಮೂಹಿಕ ಅಕ್ಷರಾಭ್ಯಾಸಕ್ಕೆ ಬಂದಿದ್ದ ಸದಸ್ಯ ಬಂಧುಗಳು ಕಂಡಲ್ಲೆಲ್ಲ ನಮ್ಮನ್ನು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: “ಫೋಟೋ ಯಾವಾಗ ಕೊಡ್ತೀರಿ?” ಸ್ಟೇಷನ್ ರೋಡಿನ ತರಕಾರಿ ಅಂಗಡಿಯಲ್ಲಿ ಕೇಳಿದ್ದಾರೆ, ಮೆಟ್ರೊಪಾಲಿಟನ್ ಲೈನಿನ ರೈಲಿನಲ್ಲಿ ಕೇಳಿದ್ದಾರೆ, ಸಂಘದ ರಾಜ್ಯೋತ್ಸವದಲ್ಲಿ ಬಿಸಿಬೇಳೆಭಾತಿನ ಸಾಲಿನಲ್ಲಿ ನಿಂತಾಗಲೂ ಕೇಳಿದ್ದಾರೆ. “ಸ್ವಲ್ಪ ತಡೀರಿ, ಕೆಲಸ ನಡೀತಾ ಇದೆ” ಎಂದು ಹೇಳಿ ನಾವು ಜಾರಿಕೊಂಡದ್ದೂ ಆಯಿತು. ಇನ್ನು ಜಾರಲಾಗದು. ಆ ದಿನದ ಫೋಟೋಗಳು ಇಲ್ಲ. ಒಂದೂ ಬರಲಿಲ್ಲ. ಏಕೆ ಬರಲಿಲ್ಲ ಎಂಬುದನ್ನು ಹೇಳುವುದಕ್ಕೇ ಈ ಲೇಖನ. ಇದನ್ನು ತಪ್ಪೊಪ್ಪಿಗೆ ಎಂದರೂ ಸರಿಯೆ. ಆದರೆ ನಮ್ಮ ತಪ್ಪಿನಿಂದ ಇನ್ನೊಂದು ಮನೆಯ ಫಿಲ್ಮಾದರೂ ಉಳಿಯಲಿ ಎಂಬ ಆಸೆಯಿಂದ ಸ್ವಲ್ಪ ವಿಷಯವನ್ನೂ ಸೇರಿಸಿದ್ದೇವೆ.

ನಡೆದದ್ದು

ನಮ್ಮ ತಂದೆಯವರು ತೀರ್ಥಹಳ್ಳಿಯಲ್ಲಿ ಹೈಸ್ಕೂಲು ಕನ್ನಡ ಪಂಡಿತರಾಗಿದ್ದು ನಿವೃತ್ತರಾದವರು. ಆರು ತಿಂಗಳ ಮಟ್ಟಿಗೆ ಹ್ಯಾರೋಗೆ ಬಂದಾಗ, ಚಟ್ನಿಪುಡಿ ಹಪ್ಪಳಗಳ ನಡುವೆ ಪಂಚೆಯಲ್ಲಿ ಸುತ್ತಿ ತಮ್ಮ ಹಳೆಯ ಕ್ಯಾಮರಾ ತಂದಿದ್ದರು. ನಿಕಾನ್ ಎಫ್‌ಎಂ2. 1980ರ ದಶಕದಲ್ಲಿ ನಮ್ಮ ಸೋದರಮಾವ ಗಲ್ಫಿನಿಂದ ತಂದುಕೊಟ್ಟದ್ದು. ಆ ಕಾಲದಲ್ಲಿ ಇಂಥ ಜಪಾನೀ ಕ್ಯಾಮರಾ ನಮ್ಮ ಕಡೆಗೆ ಬರುತ್ತಿದ್ದದ್ದು ಹೆಚ್ಚಾಗಿ ಹೊರದೇಶದಿಂದ ಬರುವ ನೆಂಟರ ಪೆಟ್ಟಿಗೆಯಲ್ಲೇ. ಅದಕ್ಕೆ ಹಾಕುತ್ತಿದ್ದ ಕಪ್ಪು-ಬಿಳುಪು ಫಿಲ್ಮು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’. ನಮ್ಮ ನಾಮಕರಣ, ನಮ್ಮ ಅಕ್ಷರಾಭ್ಯಾಸ, ಅಜ್ಜಿಯ ಕೊನೆಯ ದೀಪಾವಳಿ ಎಲ್ಲವೂ ಆ ಕ್ಯಾಮರಾದ 50 ಮಿಲಿಮೀಟರ್ ಲೆನ್ಸಿನ ಮೂಲಕವೇ ಆಲ್ಬಮ್ಮಿಗೆ ಬಂದವು.

ಕ್ಯಾಮರಾ ಚೆನ್ನಾಗಿತ್ತು. ಲೆನ್ಸಿಗೆ ಮಾತ್ರ ಬೂಷ್ಟು ಹಿಡಿದಿತ್ತು. ಮಲೆನಾಡಿನ ಮಳೆಗಾಲವನ್ನು ಚರ್ಮದ ಚೀಲದಲ್ಲಿ ಕಳೆದ ಯಾವ ಲೆನ್ಸಿಗೂ ಒಂದು ದಿನ ಬರುವ ಗತಿ ಅದು. ಗಾಜಿನ ಒಳಗೆ ಜೇಡನ ಬಲೆಯಂಥ ಬಿಳಿ ಎಳೆಗಳು. ದಸರೆಗೆ ಹತ್ತೇ ದಿನ ಉಳಿದಿತ್ತು. ನಾವು ಆತುರಪಟ್ಟು ಇಲ್ಲಿನ ಒಂದು ಹಳೆ ಸಾಮಾನಿನ ಅಂಗಡಿಯಿಂದ ಇನ್ನೊಂದು 50 ಮಿ.ಮೀ. ಲೆನ್ಸು ತಂದೆವು. ಅದೇ ಕಂಪನಿಯದು, ಹೆಚ್ಚು ಹೊಸದು, ಎಫ್/1.8. ಕ್ಯಾಮರಾಕ್ಕೆ ಹಾಕಿ ತಿರುಗಿಸಿದರೆ ‘ಟಕ್’ ಎಂದು ಕೂತಿತು.

ತಂದೆಯವರು ಅದನ್ನು ಕೈಗೆ ತೆಗೆದುಕೊಂಡು ಸುತ್ತ ಬೆರಳಾಡಿಸಿ, “ಇದಕ್ಕೆ ಉಂಗುರ ಇಲ್ವಲ್ಲೋ?” ಎಂದರು.

“ಈಗಿನ ಲೆನ್ಸಿಗೆ ಅದು ಬೇಕಾಗಿಲ್ಲ ಅಪ್ಪ” ಎಂದೆವು ನಾವು. ರಸಾಯನಶಾಸ್ತ್ರದಲ್ಲಿ ಡಾಕ್ಟರೇಟು ಪಡೆದವರ ಗತ್ತು ಆ ಮಾತಿನಲ್ಲಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳಬೇಕು. ಪ್ರಯೋಗಾಲಯದಲ್ಲಿ ಹೊಸ ಉಪಕರಣ ಬಂದರೆ ಪರೀಕ್ಷೆ ಮಾಡದೆ ಮುಟ್ಟದವರು, ಮನೆಯಲ್ಲಿ ಒಂದು ರೋಲನ್ನಾದರೂ ಹಾಕಿ ನೋಡಲಿಲ್ಲ.

ವಿಜಯದಶಮಿಯ ದಿನ ನಡೆದದ್ದು ನಿಮಗೇ ಗೊತ್ತು. ತಂದೆಯವರು ಚಾಪೆಯ ಮೇಲೆ ಕೂತು, ನಮ್ಮ ಮಗಳೂ ಸೇರಿ ಏಳು ಮಕ್ಕಳ ಕೈ ಹಿಡಿದು ತಟ್ಟೆಯ ಅಕ್ಕಿಯ ಮೇಲೆ ಒಬ್ಬೊಬ್ಬರಿಂದಲೂ ‘ಅ’ ಬರೆಸಿದರು. “ದಯವಿಟ್ಟು ಮೊಬೈಲುಗಳನ್ನು ಕೆಳಗಿಡಿ, ಎಲ್ಲರಿಗೂ ಅಡ್ಡವಾಗುತ್ತದೆ, ನಾವು ಒಳ್ಳೆಯ ಕ್ಯಾಮರಾದಲ್ಲಿ ತೆಗೆದುಕೊಡುತ್ತೇವೆ” ಎಂದು ಕೈಮುಗಿದು ಕೇಳಿದವರು ನಾವೇ. ನೀವು ನಂಬಿ ಕೆಳಗಿಟ್ಟಿರಿ. ಇಂದಿಗೂ ನಮ್ಮನ್ನು ಹೆಚ್ಚು ಚುಚ್ಚುವುದು ಅದೇ.

ಖಾಲಿ ಫಿಲ್ಮು

ಮೂರು ದಿನದ ನಂತರ ಅಡಿಗೆಮನೆಯ ಸಿಂಕಿನಲ್ಲಿ 20 ಡಿಗ್ರಿ ನೀರು ಹಿಡಿದು ಫಿಲ್ಮನ್ನು ತೊಳೆದೆವು. ಕಪ್ಪು-ಬಿಳುಪಿನ 400 ವೇಗದ ಫಿಲ್ಮು. ತೊಟ್ಟಿಯಿಂದ ಹೊರತೆಗೆದು ಬೆಳಕಿಗೆ ಹಿಡಿದರೆ ಮೂವತ್ತಾರು ಚೌಕಗಳೂ ಗಾಜಿನಂತೆ ತಿಳಿಯಾಗಿದ್ದವು. ಒಂದೆರಡರಲ್ಲಿ ಮಾತ್ರ ಎರಡು ಕಪ್ಪು ಚುಕ್ಕೆ. ಭೂತಗನ್ನಡಿ ಹಿಡಿದು ನೋಡಿದಾಗ ತಿಳಿಯಿತು: ಅವು ದೀಪದ ಕುಡಿಗಳು. ದೀಪ ಬಂದಿದೆ, ದೀಪದ ಪಕ್ಕದಲ್ಲಿ ಕೂತ ಮಗು ಬಂದಿಲ್ಲ.

ಮೊದಲು ಅನುಮಾನ ಹೋದದ್ದು ನಮ್ಮ ಡೆವಲಪರಿನ ಮೇಲೆ. ಹಳೆಯದಾಗಿ ಸತ್ತುಹೋಗಿತ್ತೇ? ಆದರೆ ಫಿಲ್ಮಿನ ಅಂಚಿನಲ್ಲಿ ಕಂಪನಿಯ ಹೆಸರು ಮತ್ತು ಚಿತ್ರದ ಸಂಖ್ಯೆಗಳು ಕಡುಕಪ್ಪಾಗಿ ಮೂಡಿದ್ದವು. ಆ ಅಕ್ಷರಗಳನ್ನು ಕಾರ್ಖಾನೆಯಲ್ಲೇ ಬೆಳಕಿನಿಂದ ಬರೆದಿರುತ್ತಾರೆ. ಅವು ಚೆನ್ನಾಗಿ ಮೂಡಿದರೆ ತೊಳೆದದ್ದು ಸರಿಯಾಗಿದೆ ಎಂದೇ ಅರ್ಥ. ಮನೆಯಲ್ಲಿ ಫಿಲ್ಮು ತೊಳೆಯುವವರು ಈ ಗುರುತನ್ನು ನೆನಪಿಡಿ. ಅಂಚೂ ಖಾಲಿಯಾಗಿದ್ದರೆ ತಪ್ಪು ರಾಸಾಯನಿಕದ್ದು. ಅಂಚು ಕಪ್ಪಾಗಿದ್ದು ಚಿತ್ರ ಮಾತ್ರ ಖಾಲಿಯಾಗಿದ್ದರೆ ತಪ್ಪು ಕ್ಯಾಮರಾದ ಕಡೆಯದು.

ತಂದೆಯವರು ಒಂದು ಮಾತನ್ನೂ ಆಡದೆ ಕ್ಯಾಮರಾ ತೆಗೆದುಕೊಂಡರು. ಹಿಂದಿನ ಬಾಗಿಲು ತೆರೆದರು. ವೇಗದ ಗುಂಡಿಯನ್ನು ‘ಬಿ’ಗೆ ತಿರುಗಿಸಿ, ಕಿಟಕಿಯ ಕಡೆಗೆ ಹಿಡಿದು ಒತ್ತಿ, “ನೋಡು” ಎಂದರು. ಹಿಂದಿನಿಂದ ನೋಡಿದರೆ ಲೆನ್ಸಿನೊಳಗೆ ಕೊತ್ತಂಬರಿ ಕಾಳಿನಷ್ಟು ತೂತು!

ಬೆಳಕಿಂಡಿಯ ಲೆಕ್ಕ

ಈ ವಿದ್ಯೆ ಗೊತ್ತಿರುವವರು ಮುಂದಿನ ಎರಡು ಪ್ಯಾರಾ ಹಾರಿಸಿಕೊಂಡು ಹೋಗಬಹುದು. ಲೆನ್ಸಿನೊಳಗೆ ತೆಳು ಲೋಹದ ಎಲೆಗಳಿಂದ ಮಾಡಿದ ಒಂದು ಕಿಂಡಿ ಇರುತ್ತದೆ. ಇದಕ್ಕೆ ಅಪರ್ಚರ್ ಎನ್ನುತ್ತಾರೆ. ನಮ್ಮ ಹಳೆಯ ಮನೆಗಳ ಬೆಳಕಿಂಡಿಯ ಕೆಲಸವೇ ಇದರದೂ. ಬೇಕಾದಷ್ಟು ಬೆಳಕನ್ನು ಒಳಗೆ ಬಿಡುವುದು. ಎಫ್ ಸಂಖ್ಯೆ ಎಂದರೆ ಲೆನ್ಸಿನ ನಾಭಿದೂರವನ್ನು ಕಿಂಡಿಯ ಅಗಲದಿಂದ ಭಾಗಿಸಿ ಬಂದದ್ದು. ಆದ್ದರಿಂದಲೇ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. 50 ಮಿ.ಮೀ. ಲೆನ್ಸಿನಲ್ಲಿ ಎಫ್/1.8 ಎಂದರೆ ಸುಮಾರು 28 ಮಿ.ಮೀ. ಅಗಲ, ಇಲ್ಲಿನ ಎರಡು ಪೌಂಡಿನ ನಾಣ್ಯದಷ್ಟು. ಎಫ್/16 ಎಂದರೆ ಸುಮಾರು 3 ಮಿ.ಮೀ., ಅಂದರೆ ಕೊತ್ತಂಬರಿ ಕಾಳು. ಬೆಳಕು ಕಿಂಡಿಯ ವಿಸ್ತೀರ್ಣಕ್ಕೆ ತಕ್ಕಂತೆ ಬರುವುದರಿಂದ, ಒಂದಕ್ಕಿಂತ ಇನ್ನೊಂದು ಸುಮಾರು 80 ಪಟ್ಟು ಕಡಿಮೆ.

ಹಳೆಯ ಲೆನ್ಸಿನ ಹಿಂಭಾಗದಲ್ಲಿ, ಕ್ಯಾಮರಾಕ್ಕೆ ಕೂಡುವ ಕಡೆ, ಒಂದು ಉಂಗುರವಿತ್ತು. 1.8, 2.8, 4, 5.6, 8 ಎಂದು ಅದರ ಮೇಲೆ ಕೆತ್ತಿರುತ್ತಿತ್ತು. ಕಿಂಡಿ ಎಷ್ಟರವರೆಗೆ ಮುಚ್ಚಬೇಕೆಂಬುದನ್ನು ನಿಮ್ಮ ಎಡಗೈ ಆ ಉಂಗುರವನ್ನು ತಿರುಗಿಸಿ ಹೇಳುತ್ತಿತ್ತು. ಇಲ್ಲಿ ಒಂದು ಸೂಕ್ಷ್ಮವಿದೆ. ನೀವು ಕಣ್ಣಿಟ್ಟು ನೋಡುವಾಗ ಕಿಂಡಿ ಪೂರ್ತಿ ತೆರೆದೇ ಇರುತ್ತದೆ. ಕ್ಯಾಮರಾದೊಳಗಿನ ಒಂದು ಸನ್ನೆಕಡ್ಡಿ ಅದನ್ನು ತೆರೆದು ಹಿಡಿದಿರುತ್ತದೆ. ಗುಂಡಿ ಒತ್ತಿದ ಕ್ಷಣ ಕಡ್ಡಿ ಕೈಬಿಡುತ್ತದೆ, ಲೆನ್ಸಿನ ಸ್ಪ್ರಿಂಗು ಕಿಂಡಿಯನ್ನು ಮುಚ್ಚುತ್ತದೆ, ಉಂಗುರ ಹೇಳಿದ ಜಾಗದಲ್ಲಿ ಅದು ನಿಲ್ಲುತ್ತದೆ.

ಉಂಗುರವೇ ಇಲ್ಲದಿದ್ದರೆ? “ನಿಲ್ಲು” ಎನ್ನುವವರಿಲ್ಲ. ಕಿಂಡಿ ಕೊನೆಯವರೆಗೆ ಮುಚ್ಚಿಕೊಳ್ಳುತ್ತದೆ. ಹೊಸ ಕ್ಯಾಮರಾಗಳು ಆ ಕಡ್ಡಿಯನ್ನು ಲೆಕ್ಕ ಹಾಕಿ ಬೇಕಾದಷ್ಟೇ ಇಳಿಸುತ್ತವೆ. ಆದ್ದರಿಂದ ಅವಕ್ಕೆ ಉಂಗುರ ಬೇಡ. ತಂದೆಯವರ ಕ್ಯಾಮರಾಕ್ಕೆ ಆ ಲೆಕ್ಕ ಬಾರದು. ಅದು ಕಡ್ಡಿಯನ್ನು ಪೂರ್ತಿ ಬಿಟ್ಟುಬಿಡುತ್ತದೆ. ಉಂಗುರವಿಲ್ಲ ಎಂದರೆ ಕಿಂಡಿ ಯಾವಾಗಲೂ ಪೂರ್ತಿ ತೆರೆದಿರುತ್ತದೆ ಎಂದು ನಾವು ಊಹಿಸಿ, ಎಫ್/1.8ಕ್ಕೆ ಲೆಕ್ಕ ಹಾಕಿ, ಸೆಕೆಂಡಿನ 60ನೇ ಒಂದು ಭಾಗ ಬೆಳಕು ಕೊಟ್ಟೆವು. ಫಿಲ್ಮಿಗೆ ತಲುಪಿದ್ದು ಬೇಕಾದದ್ದರ 80ರಲ್ಲಿ ಒಂದು ಪಾಲು. ಕಣ್ಣಿಗೆ ಮಾತ್ರ ಕೊನೆಯವರೆಗೂ ಎಲ್ಲವೂ ಬೆಳ್ಳಗೆ ಕಾಣುತ್ತಿತ್ತು. ದುಷ್ಯಂತನಿಗೆ ಶಕುಂತಲೆಯ ಗುರುತು ಸಿಗದೆ ಹೋದದ್ದು ಉಂಗುರ ಕಳೆದದ್ದರಿಂದ. ನಮ್ಮ ಸಭಾಂಗಣದಲ್ಲಿ ನಡೆದದ್ದೂ ಹೆಚ್ಚು ಕಡಿಮೆ ಅದೇ ನಾಟಕ.

ಹೆಚ್ಚು ಹೊತ್ತು ತೊಳೆದಿದ್ದರೆ ಬರುತ್ತಿತ್ತಲ್ಲ ಎಂದು ಒಬ್ಬ ಮಿತ್ರರು ಕೇಳಿದರು. ಇದು ನಮ್ಮ ಕಸುಬಿನ ಪ್ರಶ್ನೆ. ಫಿಲ್ಮಿನಲ್ಲಿರುವುದು ಬೆಳ್ಳಿಯ ಹ್ಯಾಲೈಡಿನ ಸಣ್ಣ ಸಣ್ಣ ಹರಳುಗಳು. ಬೆಳಕು ಬಿದ್ದಾಗ ಹರಳಿನ ಮೇಲೆ ಬೆಳ್ಳಿಯ ಪರಮಾಣುಗಳು ಒಂದೊಂದಾಗಿ ಕೂಡುತ್ತವೆ. ಇದು ಹೇಗೆಂದು ಗರ್ನಿ ಮತ್ತು ಮಾಟ್ ಎಂಬ ವಿಜ್ಞಾನಿಗಳು 1938ರಲ್ಲಿ ವಿವರಿಸಿದರು. ಸುಮಾರು ನಾಲ್ಕು ಪರಮಾಣುಗಳಾದರೂ ಒಟ್ಟುಗೂಡಿದರೆ ಡೆವಲಪರು ಆ ಹರಳನ್ನು ಗುರುತಿಸಿ ಪೂರ್ತಿ ಬೆಳ್ಳಿಯಾಗಿ ಮಾಡುತ್ತದೆ. ಅಷ್ಟು ಕೂಡದಿದ್ದರೆ ಆ ಹರಳು ಬೆಳಕನ್ನೇ ಕಾಣದ ಹರಳಿನಂತೆ ಉಳಿಯುತ್ತದೆ. ಅರ್ಧದಷ್ಟೋ ಕಾಲು ಭಾಗದಷ್ಟೋ ಬೆಳಕು ಬಿದ್ದಿದ್ದರೆ ಹೆಚ್ಚು ತೊಳೆದು ಏನಾದರೂ ಮಾಡಬಹುದಿತ್ತು. 80ರಲ್ಲಿ ಒಂದು ಪಾಲಿಗೆ ಯಾವ ರಸಾಯನವೂ ಇಲ್ಲ. ಬಿತ್ತದ ಗದ್ದೆಗೆ ಎಷ್ಟು ನೀರು ಕಟ್ಟಿದರೇನು?

ಮುಚ್ಚಳ ಕೂತರೆ ಸಾಲದು

ಊರಿನಿಂದ ಕುಕ್ಕರ್ ತಂದ ಎಲ್ಲರಿಗೂ ಗೊತ್ತಿರುವ ಮಾತು: ಒಂದು ಕಂಪನಿಯ ಗ್ಯಾಸ್ಕೆಟ್ಟು ಇನ್ನೊಂದರ ಮುಚ್ಚಳಕ್ಕೆ ಆಗುವುದಿಲ್ಲ. ಕೆಲವು ಸಲ ಕೂತಂತೆ ಕಾಣುತ್ತದೆ, ಆದರೆ ಕುಕ್ಕರ್ ಕೂಗುವುದಿಲ್ಲ. ಲೆನ್ಸಿನದೂ ಹೀಗೆಯೇ. ‘ಟಕ್’ ಎಂದು ಕೂತಿತು ಎಂದರೆ ಹೊಂದಿತು ಎಂದಲ್ಲ. ಕೇಳಬೇಕಾದ ಪ್ರಶ್ನೆ ಮೂರು.

ಮೊದಲನೆಯದು, ಕೊಂಡಿ ಯಾವುದು? ನಿಕಾನ್ ಎಫ್ ಕೊಂಡಿ 1959ರದು, ಪೆಂಟ್ಯಾಕ್ಸ್ ಕೆ 1975ರದು. ಅದಕ್ಕೆ ಮೊದಲು ಪೆಂಟ್ಯಾಕ್ಸಿನಲ್ಲೂ, ಇಲ್ಲಿ ಅಗ್ಗವಾಗಿ ಸಿಗುತ್ತಿದ್ದ ರಷ್ಯದ ಝೆನಿತ್ ಕ್ಯಾಮರಾಗಳಲ್ಲೂ ಇದ್ದದ್ದು 42 ಮಿ.ಮೀ. ಅಗಲದ ತಿರುಪು. ಒಂದೇ ಕೊಂಡಿಯ ಒಳಗೂ ಪೀಳಿಗೆಗಳಿವೆ. ನಿಕಾನ್ 1977ರಲ್ಲಿ ‘ಎ.ಐ.’ ಎಂಬ ಪದ್ಧತಿ ತಂದಿತು. ಅದಕ್ಕೆ ಮೊದಲಿನ ಲೆನ್ಸನ್ನು ತಿದ್ದಿಸದೆ ಎಫ್‌ಎಂ2ದಂಥ ಕ್ಯಾಮರಾಕ್ಕೆ ಬಲವಂತದಿಂದ ತಿರುಗಿಸಿದರೆ ಅಂಚಿನಲ್ಲಿರುವ ಸಣ್ಣ ಹಲ್ಲು ಹಾಳಾಗಬಹುದು.

ಎರಡನೆಯದು, ದೂರ ಎಷ್ಟು? ಕೊಂಡಿಯಿಂದ ಫಿಲ್ಮಿನವರೆಗಿನ ದೂರ ಒಂದೊಂದು ಪದ್ಧತಿಗೆ ಒಂದೊಂದು. ನಿಕಾನ್ ಎಫ್ 46.5 ಮಿ.ಮೀ., ಪೆಂಟ್ಯಾಕ್ಸ್ ಕೆ 45.46, ಕ್ಯಾನನ್ ಇ.ಎಫ್. 44, ಕ್ಯಾನನ್ನಿನ ಹಳೆಯ ಎಫ್.ಡಿ. 42. ಈಚಿನ ಕನ್ನಡಿಯಿಲ್ಲದ ಕ್ಯಾಮರಾಗಳಲ್ಲಿ ಇದು ಬಹಳ ಕಡಿಮೆ: ಕ್ಯಾನನ್ ಆರ್.ಎಫ್. 20, ಸೋನಿ ಇ 18, ನಿಕಾನ್ ಝಡ್ 16. ಉದ್ದ ದೂರದ ಲೆನ್ಸನ್ನು ಗಿಡ್ಡ ದೂರದ ಕ್ಯಾಮರಾಕ್ಕೆ ಹಾಕಲು ನಡುವೆ ಒಂದು ಕೊಳವೆ ಸಾಕು. ನಮ್ಮ ತಂದೆಯವರ ಲೆನ್ಸನ್ನು ಝಡ್ ಕ್ಯಾಮರಾಕ್ಕೆ ಹಾಕಲು 30.5 ಮಿ.ಮೀ. ಕೊಳವೆ ಬೇಕು, ಅಷ್ಟೇ. ತಿರುಗಾ ಮುರುಗಾ ಮಾಡಿದರೆ ದೂರದ ಬೆಟ್ಟ ಎಂದಿಗೂ ಸ್ಪಷ್ಟವಾಗುವುದಿಲ್ಲ.

ಮೂರನೆಯದು, ನಾವು ಕೇಳದೆ ಬಿಟ್ಟದ್ದು: ಬೆಳಕಿಂಡಿ ಯಾರ ಕೈಯಲ್ಲಿದೆ? ಉಂಗುರದ ಕೈಯಲ್ಲೋ, ಕಡ್ಡಿಯ ಕೈಯಲ್ಲೋ, ವಿದ್ಯುತ್ತಿನ ಕೈಯಲ್ಲೋ? ಕ್ಯಾನನ್ 1987ರಲ್ಲಿ ಒಂದೇ ಏಟಿಗೆ ಹಳೆಯ ಕೊಂಡಿಯನ್ನು ಬಿಟ್ಟು, ಉಂಗುರವನ್ನೂ ಕಡ್ಡಿಯನ್ನೂ ತೆಗೆದು, ಎಲ್ಲವನ್ನೂ ವಿದ್ಯುತ್ತಿಗೆ ಒಪ್ಪಿಸಿತು. ಹಳೆಯ ಎಫ್.ಡಿ. ಲೆನ್ಸು ಹೊಸ ಕ್ಯಾಮರಾಕ್ಕೆ ಕೂರುವುದೇ ಇಲ್ಲವಾದ್ದರಿಂದ ಯಾರೂ ಮೋಸ ಹೋಗುವ ಹಾಗಿರಲಿಲ್ಲ. ನಿಕಾನ್ ಕೊಂಡಿಯನ್ನು ಉಳಿಸಿಕೊಂಡು ಒಳಗಿನದನ್ನು ಮೆಲ್ಲಮೆಲ್ಲಗೆ ಬದಲಾಯಿಸಿತು. 2000ದಿಂದ ಬಂದ ‘ಜಿ’ ಲೆನ್ಸುಗಳಲ್ಲಿ ಉಂಗುರವಿಲ್ಲ, ಕಡ್ಡಿಯಿದೆ. ಆಮೇಲೆ ಬಂದ ‘ಇ’ ಲೆನ್ಸುಗಳಲ್ಲಿ ಕಡ್ಡಿಯೂ ಇಲ್ಲ, ವಿದ್ಯುತ್ತು ಮಾತ್ರ. ಹಳೆಯ ಯಾಂತ್ರಿಕ ಕ್ಯಾಮರಾಕ್ಕೆ ಹಾಕಿದರೆ ‘ಜಿ’ ಪೂರ್ತಿ ಮುಚ್ಚಿಕೊಳ್ಳುತ್ತದೆ, ‘ಇ’ ಪೂರ್ತಿ ತೆರೆದೇ ಉಳಿಯುತ್ತದೆ. ಪೆಂಟ್ಯಾಕ್ಸಿನಲ್ಲೂ 2003ರಿಂದ ಉಂಗುರವಿಲ್ಲದ ಲೆನ್ಸುಗಳು ಬಂದವು. ಕೆ1000ದಂಥ ಹಳೆಯ ಕ್ಯಾಮರಾದಲ್ಲಿ ಅವುಗಳ ಗತಿಯೂ ಕೊತ್ತಂಬರಿ ಕಾಳೇ.

ಉಂಗುರ ತೆಗೆದದ್ದು ದುರುದ್ದೇಶದಿಂದಲ್ಲ. ಕ್ಯಾಮರಾವೇ ಕಿಂಡಿಯನ್ನು ನಡೆಸಬಲ್ಲದಾದ ಮೇಲೆ, ಉಂಗುರವನ್ನು ಕೊನೆಯ ಸಂಖ್ಯೆಗೆ ತಿರುಗಿಸಿ ಬೀಗ ಹಾಕಿಡಬೇಕಾಗುತ್ತಿತ್ತು. ಮರೆತರೆ ಕ್ಯಾಮರಾ ತಪ್ಪು ತೋರಿಸುತ್ತಿತ್ತು. ಒಂದು ಭಾಗ ಕಡಿಮೆಯಾದರೆ ಖರ್ಚೂ ಕಡಿಮೆ. ಆದರೆ ಇದರಿಂದ ಹೊಂದಾಣಿಕೆ ಒಮ್ಮುಖವಾಯಿತು. ಉಂಗುರವಿರುವ ಲೆನ್ಸು ತನ್ನ ಕಿಂಡಿಯನ್ನು ತಾನೇ ನೋಡಿಕೊಳ್ಳುತ್ತದೆ, ಯಾವ ಮನೆಗೆ ಹೋದರೂ ಹೊಂದಿಕೊಂಡು ಹೋಗುತ್ತದೆ. ಉಂಗುರವಿಲ್ಲದ್ದು ತನ್ನ ಭಾಷೆ ಬಲ್ಲ ಕ್ಯಾಮರಾವನ್ನೇ ಹುಡುಕಬೇಕು. ಇನ್ನೊಂದು ವಿಚಿತ್ರವನ್ನೂ ನೋಡಿ. 1987ರಲ್ಲಿ ಅನಾಥವಾದ ಎಫ್.ಡಿ. ಲೆನ್ಸುಗಳು ಇಂದು ಕನ್ನಡಿಯಿಲ್ಲದ ಕ್ಯಾಮರಾಗಳ ಮೇಲೆ ಕೊಳವೆಯ ಸಹಾಯದಿಂದ ಮತ್ತೆ ಕೆಲಸಕ್ಕೆ ಬಂದಿವೆ. ಅದಕ್ಕೆ ಕಾರಣ ಅವುಗಳ ಉಂಗುರವೇ. ಫೂಜಿಯವರು 2012ರಲ್ಲಿ ಹೊಸ ಕೊಂಡಿಯನ್ನು ತಂದಾಗ ಹಲವು ಲೆನ್ಸುಗಳಿಗೆ ಉಂಗುರವನ್ನು ಮತ್ತೆ ತೊಡಿಸಿದರು.

ಹ್ಯಾರೋದಲ್ಲಿ ಕೂತು

ಇದೆಲ್ಲ ನಮಗೆ ಹ್ಯಾರೋದಲ್ಲಿ ಆಗಬೇಕಾಯಿತೇ ಎಂದು ನಗು ಬರುತ್ತದೆ. ನೆಗಟಿವ್‌ನಿಂದ ಚಿತ್ರ ಮಾಡುವ ಪದ್ಧತಿಗೆ ತಳಹದಿ ಹಾಕಿದ ಫಾಕ್ಸ್ ಟಾಲ್ಬಟ್ ಓದಿದ್ದು ಇಲ್ಲಿನ ಗುಡ್ಡದ ಮೇಲಿನ ಹ್ಯಾರೋ ಶಾಲೆಯಲ್ಲಿ. ವೀಲ್ಡ್‌ಸ್ಟೋನಿನಲ್ಲಿ 1891ರಲ್ಲಿ ಆರಂಭವಾದ ಕೊಡ್ಯಾಕ್ ಕಾರ್ಖಾನೆಯಲ್ಲಿ ಸಾವಿರಾರು ಜನ ದುಡಿದರು. 1928ರಿಂದ ಅದರ ಸಂಶೋಧನಾಲಯವೂ ಇಲ್ಲಿತ್ತು. ಬೆಳ್ಳಿಯ ಹರಳುಗಳ ಬಗ್ಗೆ ನಮ್ಮಂಥ ರಸಾಯನಿಗಳು ಅಲ್ಲಿ ತಲೆ ಕೆಡಿಸಿಕೊಂಡು ಕೂತಿದ್ದರು. 2016ರಲ್ಲಿ ಕಾರ್ಖಾನೆ ಮುಚ್ಚಿತು, ಈಗ ಅಲ್ಲಿ ಮನೆಗಳು ಎದ್ದಿವೆ. ಅದರ ಪಕ್ಕದಲ್ಲೇ ಮಗಳನ್ನು ಶಾಲೆಗೆ ಬಿಡಲು ದಿನವೂ ಹೋಗುತ್ತೇವೆ. ಆ ಖಾಲಿ ಫಿಲ್ಮು ತೊಳೆದ ವಾರ ಮಾತ್ರ ಆ ಕಡೆ ತಲೆಯೆತ್ತಿ ನೋಡಲು ಸ್ವಲ್ಪ ನಾಚಿಕೆಯೇ ಆಯಿತು.

ತಂದೆಯವರ ಲೆನ್ಸನ್ನು ಒಬ್ಬ ರಿಪೇರಿಯವರಲ್ಲಿ ಬಿಚ್ಚಿಸಿ ತೊಳೆಸಿದೆವು. ಬೂಷ್ಟು ಗಾಜಿನ ಲೇಪವನ್ನು ಒಂದು ಕಡೆ ತಿಂದಿದೆ, ಎದುರಿನಿಂದ ಬಿಸಿಲು ಬಿದ್ದರೆ ಮಾತ್ರ ಸ್ವಲ್ಪ ಮಂಜು ಕಾಣುತ್ತದೆ. ಉಳಿದಂತೆ ಚೆನ್ನಾಗಿದೆ. ನಮ್ಮ ಡಿಜಿಟಲ್ ಕ್ಯಾಮರಾಕ್ಕೆ ಕೊಳವೆ ಹಾಕಿ ಅದನ್ನು ಕೂರಿಸಿದಾಗ ತಂದೆಯವರು ಉಂಗುರವನ್ನು ತಿರುಗಿಸಿದರು. 1.8, 2.8, 4. ಪ್ರತಿ ಸಂಖ್ಯೆಗೂ ಬೆರಳಿಗೆ ತಟ್ಟುವ ಆ ಸಣ್ಣ ‘ಕಟ್’ ಇನ್ನೂ ಹಾಗೇ ಇದೆ. ಖಾಲಿ ಫಿಲ್ಮಿನ ಬಗ್ಗೆ ನಾವು ಮತ್ತೆ ಮಾತು ತೆಗೆದಾಗ, “ಮಕ್ಕಳು ಕನ್ನಡ ಬರೆಯೋದು ಬಿಟ್ಟಿಲ್ಲ ತಾನೆ? ಹಾಗಾದ್ರೆ ಫೋಟೋ ಆಮೇಲೂ ತೆಗೀಬಹುದು” ಎಂದರು. ಮುಂದಿನ ವಾರ ಅಮ್ಮನನ್ನು ಕರೆದುಕೊಂಡು ಊರಿಗೆ ಹೊರಟರು. ಲೆನ್ಸನ್ನು ನಮ್ಮಲ್ಲೇ ಬಿಟ್ಟು, ಕ್ಯಾಮರಾವನ್ನೂ ಬಿಟ್ಟು ಹೋದರು.

ಸದಸ್ಯರಲ್ಲಿ ಎರಡು ಬಿನ್ನಹ

ಒಂದು: ಯುಗಾದಿಯ ಕೂಟಕ್ಕೆ ಆ ಏಳು ಮಕ್ಕಳನ್ನೂ ಒಂದೊಂದು ಸ್ಲೇಟಿನ ಸಮೇತ ಕರೆತನ್ನಿ. ತಮ್ಮ ಹೆಸರನ್ನು ಕನ್ನಡದಲ್ಲಿ ಬರೆಯುವಾಗ ಅವರ ಚಿತ್ರ ತೆಗೆಯುತ್ತೇವೆ, ತಂದೆಯವರ ಲೆನ್ಸಿನಿಂದಲೇ. ಕಳೆದುಹೋದದ್ದಕ್ಕೆ ಇದು ಸಾಟಿಯಲ್ಲ ಎಂದು ಬಲ್ಲೆವು. ಈ ಸಲ ಯಾರೂ ಮೊಬೈಲು ಕೆಳಗಿಡಬೇಕಾಗಿಲ್ಲ.

ಎರಡು: ನಿಮ್ಮ ಮನೆಯ ಅಟ್ಟದಲ್ಲೋ ಊರಿನ ಬೀರುವಿನಲ್ಲೋ ಹಿರಿಯರ ಕ್ಯಾಮರಾ ಇದ್ದರೆ ಮಾರುವ ಮೊದಲು, ಅದಕ್ಕೆ ಹೊಸ ಲೆನ್ಸು ಕೊಳ್ಳುವ ಮೊದಲು, ಒಮ್ಮೆ ಅಲ್ಲಿಗೆ ತನ್ನಿ. ಚರ್ಮದ ಚೀಲದಿಂದ ತೆಗೆದು, ಗಾಳಿಯಾಡುವಂತೆ, ಒಂದೆರಡು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ತಂದರೆ ಉತ್ತಮ. ಹಿಂದಿನ ಬಾಗಿಲು ತೆರೆದು, ‘ಬಿ’ಗೆ ತಿರುಗಿಸಿ, ಕಿಟಕಿಯ ಕಡೆಗೆ ಹಿಡಿದು ನೋಡೋಣ. ಅರ್ಧ ನಿಮಿಷದ ಕೆಲಸ. ನಾವು ಅದನ್ನು ವಿಜಯದಶಮಿಗೆ ಹಿಂದಿನ ದಿನ ಮಾಡಿದ್ದರೆ ಈ ಲೇಖನದ ಬದಲು ಇಲ್ಲಿ ಏಳು ಫೋಟೋಗಳ ಸುದ್ದಿ ಇರುತ್ತಿತ್ತು.